ಭುವನೇಶ್ವರಿ ಮೇಡಂ ಹಿಡಿದಿಟ್ಟ ಆರು ಸೆಕೆಂಡು

ಬಸವಕಲ್ಯಾಣದಲ್ಲಿ ಭುವನೇಶ್ವರಿ ಮೇಡಂ ಅವರನ್ನು ಹಿಂದಿನಿಂದ ನೋಡಿದರೂ ಜನ ಗುರುತು ಹಿಡಿಯುತ್ತಾರೆ. ನಡಿಗೆ ಅಷ್ಟು ಬಿರುಸು. ಕೋಟೆಯ ಕಡೆಯ ಮನೆಯಿಂದ ಕಾಲೇಜಿಗೆ ಹೊರಟರೆ ಆಟೋದವರು ಬರುತ್ತೀರಾ ಎಂದು ಕೇಳುವುದಿಲ್ಲ. ಕೇಳುವಷ್ಟರಲ್ಲಿ ಅವರು ಮುಂದಿನ ತಿರುವು ದಾಟಿರುತ್ತಾರೆ. ಊಟವೂ ಹಾಗೆಯೇ. ಗಂಡ ಶಂಕರಲಿಂಗ ಎರಡನೇ ರೊಟ್ಟಿ ಮುರಿಯುವ ಹೊತ್ತಿಗೆ ಅವರು ಕೈತೊಳೆದು ಬಂದಿರುತ್ತಾರೆ. ಇಪ್ಪತ್ತೊಂದು ವರ್ಷದಿಂದ ಅವರು ಅಲ್ಲಿನ ಒಂದು ಪದವಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ. ಹುಡುಗಿಯರ ಕಬಡ್ಡಿ ತಂಡವೆಂದರೆ ಅವರ ಜೀವ.

ಹುಟ್ಟಿದ್ದು ಘಾಟಬೋರಾಳದಲ್ಲಿ. ತಂದೆ ಮಹಾರುದ್ರಪ್ಪನವರಿಗೆ ಐದು ಹೆಣ್ಣುಮಕ್ಕಳು, ಇವರು ನಾಲ್ಕನೆಯವರು. ಶಾಲೆಯ ಹಿಂದಿನ ಕರಿಮಣ್ಣಿನ ಬಯಲಿನಲ್ಲಿ ಗಂಡುಹುಡುಗರು ಕಬಡ್ಡಿ ಆಡುತ್ತಿದ್ದರು. ಒಂದು ಕಡೆ ಒಬ್ಬ ಕಡಿಮೆ ಬಿದ್ದಾಗ ಮಾತ್ರ ಇವರನ್ನು ಕರೆಯುತ್ತಿದ್ದರು. ಯಾವನಾದರೂ ತಡವಾಗಿ ಬಂದು ನಿಂತರೆ ಇವರನ್ನು ಹೊರಗೆ ಕಳಿಸುತ್ತಿದ್ದರು. ನಡುವೆ ಸಿಗುವ ಐದೋ ಹತ್ತೋ ನಿಮಿಷದಲ್ಲಿ ಎಷ್ಟು ಜನರನ್ನು ಮುಟ್ಟಲು ಸಾಧ್ಯವೋ ಅಷ್ಟು ಜನರನ್ನು ಮುಟ್ಟಿಬಿಡಬೇಕು ಎಂಬ ಅವಸರ ಆಗಲೇ ಅವರ ಕಾಲಿಗೆ ಅಂಟಿಕೊಂಡಿತು. ಆ ಅವಸರವೇ ಅವರನ್ನು ವಿಶ್ವವಿದ್ಯಾಲಯದ ತಂಡದವರೆಗೆ ಕರೆದೊಯ್ದಿತು, ನೌಕರಿಯನ್ನೂ ಕೊಡಿಸಿತು.

ಕಲಿಸಿದ್ದೂ ಅದನ್ನೇ. ಒಂದು ರೈಡಿಗೆ ನಿಯಮ ಮೂವತ್ತು ಸೆಕೆಂಡು ಕೊಡುತ್ತದೆ. ಅಷ್ಟರೊಳಗೆ ಎದುರಾಳಿಗಳ ಅಂಗಳಕ್ಕೆ ಹೋಗಿ, ಒಬ್ಬಳನ್ನಾದರೂ ಮುಟ್ಟಿ, ನಡುಗೆರೆಗೆ ಮರಳಬೇಕು. ಮೇಡಂ ತಮ್ಮ ಹುಡುಗಿಯರಿಗೆ ಹನ್ನೊಂದು ಸೆಕೆಂಡಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಒಬ್ಬಳು ಮರಳುವ ಹೊತ್ತಿಗೆ ಇನ್ನೊಬ್ಬಳು ತುದಿಗಾಲಲ್ಲಿ ನಿಂತಿರಬೇಕು. ಎದುರಿನವರಿಗೆ ಉಸಿರು ತೆಗೆದುಕೊಳ್ಳಲು ಬಿಡಬಾರದು, ಕೈಕೈ ಹಿಡಿದು ಸರಪಳಿ ಕಟ್ಟಿಕೊಳ್ಳಲು ಬಿಡಬಾರದು. ಈ ಆಟದಿಂದ ಅವರ ಕಾಲೇಜು ವಲಯ ಮಟ್ಟದ ಕಪ್ಪನ್ನು ಒಂಬತ್ತು ಸಲ ಗೆದ್ದಿತ್ತು.

ಆ ಒಂಬತ್ತರಲ್ಲಿ ಮೂರು ಸಮ್ರೀನ ಆಡಿದ ಮೂರು ವರ್ಷಗಳವು. ಸಮ್ರೀನ ಅದೇ ಊರಿನ ಟೇಲರ್ ಬದ್ರುದ್ದೀನನ ಮಗಳು. ಮೊದಲ ವರ್ಷದ ಬಿ.ಎ.ಯಲ್ಲಿದ್ದಾಗ ತರಗತಿ ತಪ್ಪೀತೆಂದು ಓಡುತ್ತಿದ್ದವಳನ್ನು ಕಂಡು ಮೇಡಂ ನಿಲ್ಲಿಸಿ ಹೆಸರು ಕೇಳಿದ್ದರು. ಮಗಳು ಆಡುತ್ತಾಳೆಂದು ತಿಳಿದಾಗ ಬದ್ರುದ್ದೀನ ಬೇಡ ಎನ್ನಲಿಲ್ಲ. ಇಡೀ ತಂಡಕ್ಕೆ ಮೊಣಕಾಲಿನಲ್ಲಿ ಎರಡು ಪದರದ ಬಟ್ಟೆ ಇಟ್ಟು ಪ್ಯಾಂಟು ಹೊಲಿದುಕೊಟ್ಟ. ಸಮ್ರೀನ ಎಂಟು ಸೆಕೆಂಡಿನಲ್ಲಿ ಹೋಗಿ ಬರುತ್ತಿದ್ದಳು. ಮೇಡಂ ಅವಳನ್ನು ಮನೆಗೆ ಕರೆದು ಉಣ್ಣಿಸಿದರು, ಆಡುವಾಗ ಪಾದದ ಕೀಲಿಗೆ ಹಾಕುತ್ತಿದ್ದ ತಮ್ಮ ಹಳೆಯ ಆಂಕ್ಲೆಟ್ ಕೊಟ್ಟರು, ಮುಂದೆ ಬಿ.ಪಿ.ಎಡ್ ಅರ್ಜಿಯನ್ನು ತಾವೇ ತುಂಬಿದರು. ಅವಳು ಎಂ.ಪಿ.ಎಡ್ ಮುಗಿಸಿ ಹುಮನಾಬಾದಿನ ಒಂದು ಮಹಿಳಾ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ ದಿನ ಮೇಡಂ ಸ್ಟಾಫ್ ರೂಮಿಗೆಲ್ಲ ಪೇಢೆ ಹಂಚಿದ್ದರು.

ಹುಮನಾಬಾದಿನ ಆ ಕಾಲೇಜಿಗೆ ಅಲ್ಲಿಯತನಕ ತಂಡವೇ ಇರಲಿಲ್ಲ. ಮೊದಲ ವರ್ಷ ಸಮ್ರೀನ ಏಳು ಹುಡುಗಿಯರನ್ನು ಹೇಗೋ ಕೂಡಿಸಿ ಕರೆತಂದಳು. ಮೊದಲ ಸುತ್ತಿನಲ್ಲೇ ಸೋತು ಹೋದರು. ಮೇಡಂ ಬೆನ್ನು ತಟ್ಟಿ ಸಮಾಧಾನ ಹೇಳಿದರು. ಎರಡನೇ ವರ್ಷ ಆ ಹುಡುಗಿಯರು ಸೆಮಿಫೈನಲ್‌ನಲ್ಲಿ ಮೇಡಂ ತಂಡವನ್ನು ಎರಡು ಪಾಯಿಂಟಿನಿಂದ ಸೋಲಿಸಿ, ಫೈನಲ್ ಕೂಡ ಗೆದ್ದುಬಿಟ್ಟರು.

ಸೋತದ್ದಕ್ಕಿಂತ ಸೋತ ರೀತಿ ಮೇಡಂಗೆ ಚುಚ್ಚಿತು. ಹುಮನಾಬಾದಿನ ಹುಡುಗಿಯರು ಓಡಲೇ ಇಲ್ಲ. ರೈಡಿಗೆ ಬಂದವಳು ಗೆರೆಯ ಬಳಿ ಕಾಲಾಡಿಸುತ್ತ, ಕಬಡ್ಡಿ ಕಬಡ್ಡಿ ಎನ್ನುತ್ತ, ಮೂವತ್ತು ಸೆಕೆಂಡು ಪೂರ್ತಿ ತಿಂದು ಖಾಲಿ ಕೈಯಲ್ಲಿ ಮರಳುತ್ತಿದ್ದಳು. ಸತತ ಎರಡು ರೈಡು ಖಾಲಿಯಾದರೆ ಮೂರನೆಯದರಲ್ಲಿ ಪಾಯಿಂಟು ತರಲೇಬೇಕು, ತರದಿದ್ದರೆ ರೈಡರ್ ಔಟು. ಹಾಗಾಗಿ ಅವರು ಎರಡು ರೈಡು ಸುಮ್ಮನೆ ಕಳೆದು, ಮೂರನೆಯದಕ್ಕೆ ಮಾತ್ರ ಜೀವ ಬಿಟ್ಟು ಆಡುತ್ತಿದ್ದರು. ಬಿಸಿಲಲ್ಲಿ ಕಾದು ಕಾದು ಮೇಡಂ ಹುಡುಗಿಯರು ಚಡಪಡಿಸಿದರು, ತಾವಾಗಿ ನುಗ್ಗಿ ಸಿಕ್ಕಿಬಿದ್ದರು. ಅಂಗಳದಲ್ಲಿ ಮೇಡಂ ತಂಡದ ಮೂವರೇ ಉಳಿದಾಗ ಹೊರಗೆ ನಿಂತಿದ್ದ ಸಮ್ರೀನ ಎರಡು ಸಲ ಚಪ್ಪಾಳೆ ತಟ್ಟಿದಳು. ಅಷ್ಟೆ, ಅದೇ ನಿಧಾನದ ಹುಡುಗಿಯರು ಎಂಟೆಂಟು ಸೆಕೆಂಡಿಗೆ ಒಬ್ಬೊಬ್ಬರಂತೆ ಮೇಲೆ ಬಿದ್ದು ಆಲ್‌ಔಟ್ ಮಾಡಿದರು. ಪಾಯಿಂಟಿನಲ್ಲಿ ಮುಂದೆ ಬಂದಮೇಲೆ ಮತ್ತೆ ನಿಧಾನ. ಪಂದ್ಯದ ಕೊನೆಯ ನಾಲ್ಕು ನಿಮಿಷ ಆಟವೇ ನಡೆಯಲಿಲ್ಲ, ಗಡಿಯಾರ ಮಾತ್ರ ನಡೆಯಿತು.

ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸಮ್ರೀನಳ ಫೋಟೋ ಬಂದಿತ್ತು. ಈ ಆಟ ಯಾರು ಕಲಿಸಿದರು ಎಂದು ವರದಿಗಾರ ಕೇಳಿದ್ದ. 'ಓಡುವುದನ್ನು ನಮ್ಮ ಭುವನೇಶ್ವರಿ ಮೇಡಂ ಕಲಿಸಿದರು, ನಿಲ್ಲುವುದನ್ನು ನಾನೇ ಕಲಿತೆ' ಎಂದು ಅವಳು ಹೇಳಿದ್ದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಶಂಕರಲಿಂಗ ಅದನ್ನು ಸಂತೋಷದಿಂದ ಓದಿ ಹೇಳಿದರು, ನಿನ್ನ ಹೆಸರು ತೆಗೆದಾಳ ನೋಡು ಎಂದರು. ಮೇಡಂ ಪತ್ರಿಕೆಯನ್ನು ಮಡಚಿ ಗ್ಯಾಸ್ ಸಿಲಿಂಡರಿನ ಕೆಳಗೆ ಹಾಸಿದರು.

ಅಂದಿನಿಂದ ಅವರಿಗೆ ಬಾಯಿರುಚಿ ಕೆಟ್ಟಿತು. ಯಾರಾದರೂ ಸಮ್ರೀನಳ ಹೆಸರೆತ್ತಿ 'ನಿಮ್ಮ ಹುಡುಗಿ' ಎಂದರೆ ನಗುತ್ತಿದ್ದರು. ನಕ್ಕ ಮೇಲೆ ದವಡೆ ನೋಯುತ್ತಿತ್ತು. ಪ್ರಾಂಶುಪಾಲರು ಹೊಗಳಿದರೆ, ಅದು ತಮ್ಮನ್ನು ಹಂಗಿಸಿದ್ದೇ ಎಂದು ಎರಡು ದಿನ ಯೋಚಿಸುತ್ತಿದ್ದರು. ಅವಳ ವಾಟ್ಸ್ಯಾಪ್ ಫೋಟೋದಲ್ಲಿ ಹುಡುಗಿಯರು ಅವಳನ್ನು ಎತ್ತಿಕೊಂಡು ಕುಣಿಯುತ್ತಿದ್ದರು. ಇಪ್ಪತ್ತೊಂದು ವರ್ಷದಲ್ಲಿ ತಮ್ಮನ್ನು ಯಾವ ತಂಡವೂ ಎತ್ತಿಕೊಂಡಿರಲಿಲ್ಲ. ಹುಡುಗಿಯರು ತಮಗೆ ಹೆದರುತ್ತಿದ್ದರು, ಗೌರವ ಕೊಡುತ್ತಿದ್ದರು; ಎತ್ತಿಕೊಳ್ಳುವ ಮಾತು ಯಾರ ತಲೆಗೂ ಬಂದಿರಲಿಲ್ಲ. ಆ ಫೋಟೋವನ್ನು ದಿನಕ್ಕೆ ಎಷ್ಟು ಸಲ ತೆಗೆದು ನೋಡುತ್ತಿದ್ದರೋ ಅವರಿಗೇ ಲೆಕ್ಕವಿರಲಿಲ್ಲ.

ಅಕ್ಕ ಕಸ್ತೂರಿಬಾಯಿಯನ್ನು ಹುಮನಾಬಾದಿಗೆ ಕೊಟ್ಟಿತ್ತು. ಅವಳ ಮನೆಯ ಮಾಳಿಗೆಯಿಂದ ಸಮ್ರೀನಳ ಕಾಲೇಜಿನ ಮೈದಾನ ಕಾಣುತ್ತದೆ. ವರ್ಷಕ್ಕೊಮ್ಮೆ ಹೋಗುತ್ತಿದ್ದ ತಂಗಿ ಆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಬಸ್ಸು ಹತ್ತಿ ಬರತೊಡಗಿದಾಗ ಕಸ್ತೂರಿಬಾಯಿಗೆ ಮೊದಲು ಸಂತೋಷವಾಯಿತು, ಆಮೇಲೆ ಗಂಡ ಹೆಂಡಿರ ನಡುವೆ ಏನೋ ಆಗಿದೆ ಎಂದು ಗಾಬರಿಯಾಯಿತು. ಮೇಡಂ ಹಪ್ಪಳ ಒಣಗಿಸುವ ನೆಪದಲ್ಲಿ ಮಾಳಿಗೆ ಹತ್ತಿ, ನೀರಿನ ಟಾಕಿಯ ಮರೆಯಲ್ಲಿ ನಿಂತು ಕೆಳಗೆ ನೋಡುತ್ತಿದ್ದರು.

ಕೆಳಗೆ ಸಮ್ರೀನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕಣ್ಣು ಮುಚ್ಚಿಸುತ್ತಿದ್ದಳು. ಒಂದು ಸೀಟಿ. ಮೂವತ್ತು ಸೆಕೆಂಡು ಆಯಿತೆಂದು ಅನ್ನಿಸಿದಾಗ ಕೈಯೆತ್ತಬೇಕು. ಮೊದಲ ವಾರ ಒಬ್ಬಳು ಇಪ್ಪತ್ತಕ್ಕೆ, ಒಬ್ಬಳು ನಲವತ್ತಕ್ಕೆ ಎತ್ತಿದರು. ತಿಂಗಳು ಕಳೆಯುವುದರೊಳಗೆ ಹನ್ನೆರಡು ಕೈಗಳು ಒಂದೇ ಬಾರಿಗೆ ಮೇಲೇಳತೊಡಗಿದವು. ಸಮ್ರೀನಳೂ ಅವರ ಜೊತೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅವಳ ಕೈ ಒಂದು ಸಲವೂ ತಪ್ಪಲಿಲ್ಲ. ಮೇಡಂ ಟಾಕಿಯ ಹಿಂದೆ ಮೊಬೈಲಿನ ಗಡಿಯಾರ ಹಿಡಿದು ನೋಡುತ್ತಿದ್ದರು, ಅವರಿಗೆ ಗೊತ್ತು.

ತಾವೂ ಮಾಡಿ ನೋಡಿದರು. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಕಣ್ಣು ಮುಚ್ಚಿ ಎಣಿಸಿದರು. ಅವರ ಮೂವತ್ತು ಯಾವಾಗಲೂ ಇಪ್ಪತ್ತೆರಡಕ್ಕೋ ಇಪ್ಪತ್ಮೂರಕ್ಕೋ ಬಂದುಬಿಡುತ್ತಿತ್ತು. ನಿಧಾನವಾಗಿ ಎಣಿಸಬೇಕೆಂದು ಹಟ ಹಿಡಿದರೆ ನಲವತ್ತೈದಕ್ಕೆ ಹೋಗುತ್ತಿತ್ತು. ತಾವು ಬೆಳೆಸಿದ ಹುಡುಗಿಯ ಮೈಯೊಳಗೆ ಇರುವುದು ತಮ್ಮ ಮೈಯಲ್ಲಿ ಇಲ್ಲ, ಅದನ್ನು ಯಾರೂ ಕಲಿಸಲಾರರು ಎಂದು ತಿಳಿದ ದಿನ ಅವರು ಹಪ್ಪಳವನ್ನು ಮಾಳಿಗೆಯ ಮೇಲೆಯೇ ಬಿಟ್ಟು ಬಸವಕಲ್ಯಾಣದ ಬಸ್ಸು ಹತ್ತಿದರು.

ಮೂರನೇ ವರ್ಷ ವಲಯದ ಪಂದ್ಯಾವಳಿ ಬಸವಕಲ್ಯಾಣದಲ್ಲಿ, ಮೇಡಂ ಕಾಲೇಜಿನ ಮೈದಾನದಲ್ಲೇ ನಡೆಯಿತು. ಬೆಳಿಗ್ಗೆ ಸೆಮಿಫೈನಲ್‌ನಲ್ಲಿ ಮತ್ತೆ ಹುಮನಾಬಾದೇ ಎದುರಾಯಿತು, ಮತ್ತೆ ಸೋಲಾಯಿತು. ಈ ಸಲ ಐದು ಪಾಯಿಂಟಿನಿಂದ. ಮಧ್ಯಾಹ್ನದ ಫೈನಲ್ ಹುಮನಾಬಾದಿಗೂ ಕಲಬುರಗಿಯ ಒಂದು ಕಾಲೇಜಿಗೂ. ಸೋತ ತಂಡಗಳ ತರಬೇತುದಾರರು ಫೈನಲ್‌ನಲ್ಲಿ ಅಧಿಕಾರಿಗಳಾಗಿ ಕೂರುವುದು ವಾಡಿಕೆ. ಮುಖ್ಯ ಅಂಪೈರ್ ಗುರುಶಾಂತ ಸರ್ ಸ್ಟಾಪ್‌ವಾಚನ್ನು ಭುವನೇಶ್ವರಿ ಮೇಡಂ ಕೈಗೆ ಕೊಟ್ಟರು. ರೈಡಿನ ಮೂವತ್ತು ಸೆಕೆಂಡು ನೋಡುವುದು ಅಂಪೈರರ ಕೆಲಸ. ಪಂದ್ಯದ ಗಡಿಯಾರ ಮಾತ್ರ ಮೇಜಿನದು. ಟೈಮ್‌ಔಟ್ ಆದಾಗ ನಿಲ್ಲಿಸಬೇಕು, ಅಂಪೈರ್ ಸೀಟಿ ಊದಿದಾಗ ಮತ್ತೆ ಒತ್ತಬೇಕು. ಪಕ್ಕದಲ್ಲಿ ಕೂತ ಸ್ಕೋರರ್ ದತ್ತಾತ್ರಿ ತಲೆ ಬಗ್ಗಿಸಿ ಹಾಳೆ ತುಂಬುತ್ತಿದ್ದ.

ಪಂದ್ಯ ಹಗ್ಗದ ಮೇಲೆ ನಡೆದ ಹಾಗೆ ನಡೆಯಿತು. ಕೊನೆಯ ನಿಮಿಷದಲ್ಲಿ ಹುಮನಾಬಾದು ಇಪ್ಪತ್ತೇಳು, ಕಲಬುರಗಿ ಇಪ್ಪತ್ತಾರು. ಕಲಬುರಗಿಯ ಒಬ್ಬ ಹುಡುಗಿಯ ಕಾಲು ಉಳುಕಿತು, ಆಟ ನಿಂತಿತು, ಮೇಡಂ ವಾಚು ನಿಲ್ಲಿಸಿದರು. ಎಷ್ಟು ಉಳಿದಿದೆ ಎಂದು ಎರಡೂ ಕಡೆಯವರು ಕೇಳಿದಾಗ ಮೂವತ್ಮೂರು ಸೆಕೆಂಡು ಎಂದು ಕೂಗಿ ಹೇಳಿದರು. ಮುಂದಿನ ರೈಡು ಹುಮನಾಬಾದಿನದು, ಪಾಯಿಂಟು ತರಲೇಬೇಕಾದ ಮೂರನೆಯದೂ ಅಲ್ಲ.

ಸಮ್ರೀನ ತನ್ನ ಹುಡುಗಿಯರನ್ನು ಗುಂಪು ಕಟ್ಟಿ ಏನೋ ಹೇಳಿದಳು. ಅದೇನೆಂದು ಮೇಜಿನಲ್ಲಿ ಕೂತ ಮೇಡಂಗೆ ಕೇಳದೆಯೂ ಗೊತ್ತಿತ್ತು. ರೈಡಿಗೆ ಹೊರಡಲು ಐದು ಸೆಕೆಂಡಿನ ಅವಕಾಶವಿದೆ. ನಾಲ್ಕು ಅಲ್ಲಿ ಕಳೆ. ಇಪ್ಪತ್ತೊಂಬತ್ತು ಸೆಕೆಂಡು ಎದುರಿನ ಅಂಗಳದಲ್ಲಿ ಯಾರ ಕೈಗೂ ಸಿಗದೆ ನಿಲ್ಲು, ಮರಳಿ ಬಾ. ಪಂದ್ಯ ಮುಗಿಯುತ್ತದೆ, ಕಪ್ಪು ಎರಡನೇ ವರ್ಷವೂ ನಮ್ಮದು. ರೈಡರ್ ಐಶ್ವರ್ಯ, ಚಿಟಗುಪ್ಪದ ಕಡೆಯ ಕಡ್ಡಿಯಂಥ ಹುಡುಗಿ, ತಲೆಯಾಡಿಸಿ ಗೆರೆಯ ಬಳಿ ಬಂದು ನಿಂತಳು.

ಗುರುಶಾಂತ ಸರ್ ಸೀಟಿ ಊದಿದರು.

ಮೇಡಂ ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಬೇಕೆಂದು ಅವರಿಗೆ ಗೊತ್ತಿತ್ತು. ಸಮ್ರೀನಳ ತುಟಿಗಳು ಎಣಿಸುತ್ತಿರುವುದು ಕಾಣುತ್ತಿತ್ತು. ಅವಳು ಗಡಿಯಾರದ ಕಡೆ, ಮೇಜಿನ ಕಡೆ ನೋಡಲೇ ಇಲ್ಲ. ಅವಳಿಗೆ ನೋಡುವ ಅವಶ್ಯಕತೆಯೇ ಇರಲಿಲ್ಲ. ಆ ಭರವಸೆಯ ಮುಖ ನೋಡುತ್ತ ಮೇಡಂ ಹೆಬ್ಬೆರಳು ಅಲ್ಲೇ ಕೂತಿತು. ಐಶ್ವರ್ಯ ಗೆರೆ ದಾಟಿದಳು. ಆಮೇಲೆ ಒತ್ತಿದರು.

ಸಮ್ರೀನ ಹೇಳಿದ ಹಾಗೆಯೇ ಐಶ್ವರ್ಯ ಆಡಿದಳು. ಮೂಲೆಯಿಂದ ಮೂಲೆಗೆ ಸರಿದಾಡಿ, ಒಂದು ಸಲ ಬೆರಳತುದಿಯಲ್ಲಿ ತಪ್ಪಿಸಿಕೊಂಡು, ಸರಿಯಾಗಿ ಇಪ್ಪತ್ತೊಂಬತ್ತನೇ ಸೆಕೆಂಡಿಗೆ ನಡುಗೆರೆ ಮುಟ್ಟಿದಳು. ಸಮ್ರೀನ ಎರಡೂ ಕೈ ಮೇಲೆತ್ತಿದಳು. ಹುಡುಗಿಯರು ಚೀರುತ್ತ ಒಬ್ಬರ ಮೇಲೊಬ್ಬರು ಬಿದ್ದರು. ಮುಕ್ತಾಯದ ಸೀಟಿ ಬರಲಿಲ್ಲ. ಕಲಬುರಗಿಯ ರೈಡರ್ ಒಂದು ಸಲ ಮೇಜಿನ ಕಡೆ ನೋಡಿದಳು, ಸಮಯ ಇದೆಯೆಂದು ತಿಳಿದು ನುಗ್ಗಿದಳು, ಅಪ್ಪಿಕೊಂಡು ನಿಂತಿದ್ದವರಲ್ಲಿ ಇಬ್ಬರನ್ನು ಮುಟ್ಟಿ ಓಡಿ ಮರಳಿದಳು. ಆಗ ಸಮಯ ಮುಗಿಯಿತು. ಇಪ್ಪತ್ತೇಳು, ಇಪ್ಪತ್ತೆಂಟು.

ಮೈದಾನದಲ್ಲಿ ಗದ್ದಲವೆದ್ದಿತು. ಗುರುಶಾಂತ ಸರ್ ಮೇಜಿಗೆ ಬಂದು ವಾಚು ನೋಡಿದರು. ಅದು ದ್ವಿತೀಯಾರ್ಧದ ಹದಿನೈದು ನಿಮಿಷವನ್ನು ಸರಿಯಾಗಿ ತೋರಿಸುತ್ತಿತ್ತು. ದತ್ತಾತ್ರಿಗೆ ಏನೂ ಗೊತ್ತಿರಲಿಲ್ಲ. ಕೊನೆಗೆ ಸಮ್ರೀನ ಬಂದಳು.

"ಮೇಡಂ, ಟೈಮ್ ಖರೇನೇ ಉಳಿದಿತ್ತೇನ್ರಿ?"

"ಉಳಿದಿತ್ತು," ಎಂದರು ಮೇಡಂ.

ಅವಳು ಒಂದು ಗಳಿಗೆ ಅವರ ಮುಖ ನೋಡಿದಳು. "ನೀವು ಹೇಳಿದ್ರಂದ್ರ ಮುಗೀತ್ರಿ. ಹಂಗಾದ್ರ ನಂದೇ ಲೆಕ್ಕ ತಪ್ಪಿತು."

ಅವಳು ತನ್ನ ಹುಡುಗಿಯರ ಬಳಿ ಹೋಗಿ, ನೆಲದ ಮೇಲೆ ಕೂತು ಅಳುತ್ತಿದ್ದವರ ಎದುರು ತಾನೂ ಕೂತು, ತಪ್ಪು ತನ್ನದೆಂದು ಹೇಳಿದಳು. ವಾಚು ಹಿಡಿದವರು ತಪ್ಪುವವರಲ್ಲ, ನಾನೇ ತಪ್ಪಿದೆ ಎಂದಳು. ಮೇಡಂಗೆ ಅದು ಕೇಳಿಸಿತು.

ಆ ಸಂಜೆ ಮೇಡಂಗೆ ಸಂತೋಷವಾಗಿತ್ತು. ಅದನ್ನು ಮುಚ್ಚಿಟ್ಟು ಹೇಳಿದರೆ ಕತೆ ಸುಳ್ಳಾಗುತ್ತದೆ. ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡರು. ಮಿರ್ಚಿ ಭಜಿ ಕರಿದು ಗಂಡನಿಗೂ ಬಡಿಸಿದರು. ಶಂಕರಲಿಂಗ ಪಾಪ ಆ ಹುಡುಗಿ ಎಂದಾಗ, ಎಲ್ಲರೂ ಸೋಲುತ್ತಾರೆ ಎಂದು ಉತ್ತರಿಸಿದರು.

ಸಂತೋಷ ಒಂದು ವಾರ ಬಾಳಿತು. ಸಮ್ರೀನ ಫೋನ್ ಮಾಡಿದಳು. ಅವಳು ದೂರಲಿಲ್ಲ, ಸಲಹೆ ಕೇಳಿದಳು. ಲೆಕ್ಕ ಯಾಕೆ ತಪ್ಪಿತೋ ತಿಳಿಯುತ್ತಿಲ್ಲ, ಗದ್ದಲದಲ್ಲಿ ಎಣಿಕೆ ಜಾರಿತೇ, ಅಥವಾ ಸೀಟಿಯನ್ನೇ ಬೇಗ ಕೇಳಿದೆನೇ, ನೀವು ಮೇಜಿನಲ್ಲಿದ್ದಿರಿ, ನಿಮಗೇನಾದರೂ ಕಂಡಿತೇ ಎಂದು. ಮೇಡಂ ಏನೋ ಹೇಳಿ ಫೋನ್ ಇಟ್ಟರು. ಆಮೇಲೆ ಹುಮನಾಬಾದಿನಿಂದ ಸುದ್ದಿಗಳು ಬರತೊಡಗಿದವು. ಸಮ್ರೀನ ನಿಧಾನದ ಆಟ ಬಿಡಿಸಿದ್ದಾಳಂತೆ. ಹುಡುಗಿಯರಿಗೆ ಈಗ ಓಡಿ ಓಡಿ ಎನ್ನುತ್ತಾಳಂತೆ. ಚಿಟಗುಪ್ಪದಲ್ಲಿ ನಡೆದ ಸಣ್ಣ ಪಂದ್ಯವೊಂದರಲ್ಲಿ ಮೊದಲ ಸುತ್ತಿಗೇ ಸೋತರಂತೆ. ಐಶ್ವರ್ಯ ತಂಡ ಬಿಟ್ಟಳಂತೆ; ತಾನು ಇನ್ನೊಂದು ಗಳಿಗೆ ಒಳಗೆ ನಿಂತಿದ್ದರೆ ಗೆಲ್ಲುತ್ತಿದ್ದೆವು ಎಂದು ಹೇಳಿ ಅಳುತ್ತಾಳಂತೆ. ಪ್ರತಿ ಸುದ್ದಿಯೂ ಮೇಡಂಗೆ ಮೊದಲು ಸಿಹಿಯಾಗಿ ಒಳಗಿಳಿದು ಆಮೇಲೆ ಒಗರಾಗುತ್ತಿತ್ತು.

ಜನವರಿಯಲ್ಲಿ ಹೊಸ ತಂಡದ ಪ್ಯಾಂಟು ಹೊಲಿಸಲು ಅವರು ಬದ್ರುದ್ದೀನನ ಅಂಗಡಿಗೆ ಹೋದರು. ಬೇರೆ ಟೇಲರನ ಬಳಿ ಹೋಗಬಹುದಿತ್ತು. ಹೋದರೆ ಜನ ಯಾಕೆಂದು ಕೇಳಿಯಾರು ಎಂದು ಹೋಗಲಿಲ್ಲ. ಬದ್ರುದ್ದೀನ ಅಳತೆಯ ಹಾಳೆ ತೆಗೆದುಕೊಂಡ, ಚಹಾ ತರಿಸಿದ, ಮಷಿನ್ನಿನ ಮೇಲೆ ಕೈಯೂರಿ ಮಗಳ ಮಾತೆತ್ತಿದ. ಭಾನುವಾರ ಮನೆಗೆ ಬಂದರೂ ಅವಳು ಯಾರ ಜೊತೆಯೂ ಮಾತಾಡುವುದಿಲ್ಲ, ಗಡಿಯಾರ ಹಿಡಿದು ಕಣ್ಣು ಮುಚ್ಚಿ ಕೂರುತ್ತಾಳೆ, ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಾಳೆ ಎಂದ.

"ಪ್ರತೀ ಸಲ ಬರೋಬ್ಬರಿ ಬರ್ತದರಿ ಮೇಡಂ, ನಾ ನೋಡೀನಿ. ಆದ್ರೂ ಆಕಿಗೆ ನಂಬಿಕಿ ಬರವಲ್ದು. ನೀವೇ ಒಂದು ಮಾತು ಹೇಳ್ರಿ. ನಮ್ಮ ಮಾತು ಕೇಳಂಗಿಲ್ಲ, ನಿಮ್ಮ ಮಾತು ಕೇಳ್ತಾಳ."

ಮೇಡಂ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮನೆಗೆ ಹೋಗಿ ಶಂಕರಲಿಂಗರಿಗೆ ಎಲ್ಲ ಹೇಳಿದರು. ಶಾಲೆಯ ಮಾಸ್ತರು ಅವರು, ಮಾತು ಕಡಿಮೆ. ನಾಳೆ ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸಿಗೆ ಹೋಗುತ್ತೀ ಎಂದು ಮಾತ್ರ ಕೇಳಿದರು.

ಬಸ್ಸು ಹೆದ್ದಾರಿಗೆ ಬಿದ್ದ ಮೇಲೆ ಎರಡೂ ಬದಿಗೆ ಕೊಯ್ದ ತೊಗರಿಯ ಕಟ್ಟಿಗೆಗಳು. ಮೇಡಂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಹತ್ತಾರು ರೀತಿ ಜೋಡಿಸಿದರು. ಗುಂಡಿ ಸರಿಯಾಗಿ ಒತ್ತಲಿಲ್ಲ ಎನ್ನಬಹುದು, ಕೈ ಬೆವತಿತ್ತು ಎನ್ನಬಹುದು. ಕಾಲೇಜಿನ ಗೇಟಿನ ತನಕವೂ ಆ ಸುಳ್ಳು ಅವರ ಜೊತೆಯಲ್ಲೇ ಬಂತು. ಒಳಗೆ ಸಮ್ರೀನ ಸುಣ್ಣದ ಪುಡಿಯಿಂದ ಅಂಗಳದ ಗೆರೆ ಎಳೆಯುತ್ತಿದ್ದಳು. ಗೆರೆಗಳು ನೂಲು ಹಿಡಿದ ಹಾಗೆ ನೇರವಾಗಿದ್ದವು, ತಮ್ಮ ಮೈದಾನದ್ದಕ್ಕಿಂತ ಚೆನ್ನಾಗಿದ್ದವು. ಅಂಥ ಹೊತ್ತಿನಲ್ಲೂ ಮೇಡಂ ಕಣ್ಣಿಗೆ ಅದು ಬಿತ್ತು, ಎದೆಯಲ್ಲಿ ಚುಳ್ಳೆಂದಿತು. ಸಮ್ರೀನ ಓಡಿಬಂದು ಕಾಲಿಗೆ ಬಗ್ಗಿದಳು. ಮೇಡಂ ಹಿಂದೆ ಸರಿದರು.

"ಸಮ್ರೀನ, ಆವತ್ತು ನಿಂದೇನೂ ತಪ್ಪಿರಲಿಲ್ಲ. ಸೀಟಿ ಆದಮ್ಯಾಲ ನಾ ವಾಚ್ ಒತ್ತಲಿಲ್ಲ. ಬೇಕಂತನೇ ಒತ್ತಲಿಲ್ಲ."

ಸಮ್ರೀನ ಸುಣ್ಣದ ಡಬ್ಬಿ ಕೆಳಗಿಟ್ಟಳು. ಆಮೇಲೆ, "ಎಷ್ಟು ಸೆಕೆಂಡ್ರಿ?" ಎಂದಳು.

"ನಾಲ್ಕೋ ಐದೋ."

"ಆರು," ಎಂದಳು ಸಮ್ರೀನ. "ಆರು ಸೆಕೆಂಡ್. ನಾ ಎಣಿಸಿದ್ದೆ. ಮೂರು ತಿಂಗಳು ನನಗ ಹುಚ್ಚು ಹಿಡಿದದ ಅಂತ ತಿಳ್ಕೊಂಡಿದ್ದೆ ನಾ."

ಮೇಡಂ ಏನೋ ಹೇಳಲು ಬಾಯ್ತೆರೆದರು. ಸಮ್ರೀನ ಕೇಳಲಿಲ್ಲ. ನನಗೆ ಹೇಳಿದ್ದು ಸಾಕಾಗುವುದಿಲ್ಲ, ಹುಡುಗಿಯರು ನಾಲ್ಕು ಗಂಟೆಗೆ ಬರುತ್ತಾರೆ, ಐಶ್ವರ್ಯಳನ್ನೂ ಕರೆಸುತ್ತೇನೆ, ಅವರ ಮುಂದೆ ಹೇಳಿ ಎಂದಳು. ದನಿ ಏರಿಸಲಿಲ್ಲ. ಮತ್ತೆ ಡಬ್ಬಿ ಎತ್ತಿಕೊಂಡು ಉಳಿದ ಗೆರೆ ಎಳೆಯಲು ಹೋದಳು.

ಆಗ ಹನ್ನೊಂದೂವರೆ. ಅಕ್ಕನ ಮನೆ ಎದುರಿಗೇ ಇತ್ತು, ಮೇಡಂ ಹೋಗಲಿಲ್ಲ. ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ನಾಲ್ಕೂವರೆ ತಾಸು ಕೂತರು. ಜೀವನದಲ್ಲಿ ಅಷ್ಟು ಹೊತ್ತು ಒಂದೇ ಕಡೆ ಅವರು ಕೂತದ್ದೇ ಇಲ್ಲ. ಯಾರೂ ಚಹಾ ಕೇಳಲಿಲ್ಲ.

ನಾಲ್ಕಕ್ಕೆ ಹುಡುಗಿಯರು ಬಂದರು. ಐಶ್ವರ್ಯ ಎಲ್ಲರ ಹಿಂದೆ ನಿಂತಳು. ಮೇಡಂ ಎದ್ದು ನಿಂತು, ಮಾತು ಸುತ್ತಿಬಳಸದೆ, ಆ ದಿನ ಏನು ಮಾಡಿದೆನೆಂದು ಹೇಳಿದರು. ಕಪ್ಪು ನಿಮ್ಮದಾಗಿತ್ತು, ನಾನು ತಪ್ಪಿಸಿದೆ ಎಂದರು. ಒಬ್ಬಳು ಅಳತೊಡಗಿದಳು, ಒಬ್ಬಳು ಏನೋ ಬೈದಳು. ಸಮ್ರೀನ ಬೈದವಳನ್ನು ತಡೆಯಲಿಲ್ಲ.

ಐಶ್ವರ್ಯ ಮುಂದೆ ಬಂದಳು. "ಯಾಕ ಮಾಡಿದ್ರಿ? ನಾವು ನಿಮಗೇನು ಮಾಡಿದ್ವಿ?"

ಮೇಡಂ ಸಮ್ರೀನಳ ಕಡೆ ನೋಡಿದರು, ಆಮೇಲೆ ಹುಡುಗಿಯ ಕಡೆ. "ನೀವೇನೂ ಮಾಡಿಲ್ಲವ್ವಾ. ನಿಮ್ಮ ಮೇಡಂ ನನಗಿಂತ ಚಲೋ ಕಲಿಸ್ತಾಳ. ಅದು ನನಗ ಸಹಿಸಾಕ ಆಗಲಿಲ್ಲ. ಹೊಟ್ಟಿಕಿಚ್ಚು, ಮತ್ತೇನಿಲ್ಲ."

ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಹಗುರವಾಗಲಿಲ್ಲ. ಕಟ್ಟೆಯ ಅಂಚು ಹಿಡಿದು ನಿಂತರು. ಹುಡುಗಿಯರು ಒಬ್ಬೊಬ್ಬರಾಗಿ ಸಮ್ರೀನಳ ಹತ್ತಿರ ಸರಿದರು. ಯಾರೂ ಮೇಡಂ ಕಡೆ ಬರಲಿಲ್ಲ. ಗೇಟಿನ ತನಕ ಒಬ್ಬರೇ ನಡೆದು, ಐದೂಕಾಲಿನ ಬಸ್ಸು ಹಿಡಿದರು.

ಮರುದಿನ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಪತ್ರ ಬರೆದು ಎಲ್ಲವನ್ನೂ ತಿಳಿಸಿದರು. ತಕರಾರಿನ ಅವಧಿ ಮುಗಿದಿದ್ದರಿಂದ ಫಲಿತಾಂಶ ಬದಲಾಗದು ಎಂದು ಉತ್ತರ ಬಂತು. ಎರಡು ವರ್ಷ ಮೇಡಂ ಯಾವ ಪಂದ್ಯಕ್ಕೂ ಅಧಿಕಾರಿಯಾಗಿ ಕೂರುವ ಹಾಗಿಲ್ಲ ಎಂಬ ಆದೇಶವೂ ಬಂತು. ಪ್ರಾಂಶುಪಾಲರು ಕರೆದು ಬೈದರು. ಊರಲ್ಲಿ ಸುದ್ದಿ ಹಬ್ಬಿತು. ಕೆಲವರು ಮುಖದ ಮೇಲೆಯೇ ಕೇಳಿದರು, ಕೆಲವರು ಹಿಂದಿನಿಂದ ನಕ್ಕರು. ಬದ್ರುದ್ದೀನ ಹೊಲಿದ ಪ್ಯಾಂಟುಗಳನ್ನು ಅಂಗಡಿಯ ಆಳಿನ ಕೈಯಲ್ಲಿ ಕಳಿಸಿದ, ತಾನು ಬರಲಿಲ್ಲ. ಅವನ ಹೊಲಿಗೆಯಲ್ಲಿ ಮಾತ್ರ ಕೊರತೆಯಿರಲಿಲ್ಲ. ಮೊಣಕಾಲಿಗೆ ಎರಡು ಪದರ ಇದ್ದೇ ಇತ್ತು.

ಆ ವರ್ಷ ಶಿಕ್ಷಕರ ದಿನಕ್ಕೆ ಸಮ್ರೀನಳ ಫೋನ್ ಬರಲಿಲ್ಲ. ಹುಮನಾಬಾದಿನವರು ನಿಧಾನದ ಆಟಕ್ಕೆ ಮರಳಿದ್ದಾರೆ, ಐಶ್ವರ್ಯ ನಾಯಕಿಯಾಗಿದ್ದಾಳೆ ಎಂದು ಮೇಡಂಗೆ ಕಸ್ತೂರಿಬಾಯಿ ಹೇಳಿದಳು. ಮೇಡಂ ಮಾಳಿಗೆ ಹತ್ತಲಿಲ್ಲ.

ವಲಯದ ಪಂದ್ಯಾವಳಿ ಈ ಸಲ ಹುಮನಾಬಾದಿನಲ್ಲೇ. ಮತ್ತೆ ಸೆಮಿಫೈನಲ್, ಮತ್ತೆ ಅವರೇ. ಐಶ್ವರ್ಯ ಒಂದೊಂದು ರೈಡಿಗೂ ಮೂವತ್ತು ಸೆಕೆಂಡು ತಿಂದಳು. ಮೇಡಂ ಅಂಗಳದ ಬದಿಯಲ್ಲಿ ನಿಂತು ತಮ್ಮ ಹುಡುಗಿಯರಿಗೆ ತಾಳ್ಮೆಯಿಂದಿರಿ ಎಂದು ಹೇಳಿದರು. ಆ ಮಾತು ಅವರ ಬಾಯಲ್ಲಿ ಹೊಸದು, ಹುಡುಗಿಯರು ನಂಬದವರಂತೆ ತಿರುಗಿ ನೋಡಿದರು. ಮೂರು ಪಾಯಿಂಟಿನಿಂದ ಸೋತರು. ಹುಮನಾಬಾದಿನ ಹುಡುಗಿಯರು ಸಮ್ರೀನಳನ್ನು ಎತ್ತಿಕೊಂಡಾಗ ಮೇಡಂಗೆ ಹಳೆಯ ಉರಿ ಅದೇ ಜಾಗದಲ್ಲಿ ಎದ್ದಿತು. ಅದು ಹೋಗಿರಲಿಲ್ಲ. ಹೋಗುತ್ತದೆಂದು ಅವರೂ ನಂಬಿರಲಿಲ್ಲ.

ಕೈಕುಲುಕುವ ಸಾಲಿನಲ್ಲಿ ಸಮ್ರೀನ ಎದುರು ಬಂದಳು. ಬೇರೆ ತರಬೇತುದಾರರಿಗೆ ಮಾಡಿದಂತೆ ನಮಸ್ಕಾರ ಮಾಡಿ ಮುಂದೆ ಹೋಗಬೇಕಿದ್ದವಳು ಒಂದು ಗಳಿಗೆ ನಿಂತಳು.

"ನಿಮ್ಮ ಎಡಗಡೆ ಕಾರ್ನರ್ ಹುಡುಗಿ ಚಲೋ ಇದ್ದಾಳ್ರಿ ಮೇಡಂ. ಆದ್ರ ಜಲ್ದಿ ಹಾರ್ತಾಳ. ರೈಡರ್‌ಗ ಇನ್ನೊಂದು ಹೆಜ್ಜಿ ಒಳಗ ಬರಾಕ ಬಿಡಬೇಕು ಆಕಿ. ಇವತ್ತು ಮೂರು ಸಲ ಅಲ್ಲೇ ತಪ್ಪಿತು."

ಇಷ್ಟು ಹೇಳಿ ತನ್ನ ತಂಡದ ಕಡೆ ಹೋದಳು. ಮೇಡಂ ಮುಖ ಬಿಸಿಯಾಯಿತು. ತಾವು ಕಲಿಸಿದ ಹುಡುಗಿ ತಮಗೆ ಕಲಿಸುತ್ತಿದ್ದಾಳೆ, ಅದೂ ಎಲ್ಲರೆದುರು. ಬಸ್ಸಿನಲ್ಲಿ ಕೂತು ಆ ಮೂರು ಸಲವನ್ನೂ ನೆನಪಿಸಿಕೊಂಡರು. ಮೂರು ಸಲವೂ ಅವಳು ಹೇಳಿದ ಹಾಗೆಯೇ ಆಗಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಅವರು ಆ ಎಡಗಡೆಯ ಹುಡುಗಿ ಫರಹತ್‌ಳನ್ನು ಒಬ್ಬಳನ್ನೇ ಮೈದಾನಕ್ಕೆ ಕರೆಸಿದರು. ತಾವೇ ರೈಡರ್ ಆಗಿ ಗೆರೆ ದಾಟಿ ಒಳಗೆ ಹೋದರು. ಫರಹತ್ ಎಂದಿನಂತೆ ಬೇಗ ಹಾರಿದಳು, ಮೇಡಂ ತಪ್ಪಿಸಿಕೊಂಡರು. ಇನ್ನೊಂದು ಹೆಜ್ಜೆ ತಾಳು ಎಂದರು. ಮತ್ತೆ ಒಳಗೆ ಹೋದರು. ಬಿಸಿಲೇರಿ ಮೊದಲ ತರಗತಿಯ ಗಂಟೆ ಬಾರಿಸುವ ತನಕ, ಐವತ್ತರ ಹತ್ತಿರದ ಮೊಣಕಾಲಿನಲ್ಲಿ, ಹೋಗುತ್ತಲೇ ಇದ್ದರು.